ಎರಡು ನುಡಿಗಳ ನಟಿ ಎಂ. ವಿ. ರಾಜಮ್ಮ

ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ರಾಯಲ್ಪಾಡು ಆಂಧ್ರದ ಅಂಚಿನಲ್ಲಿರುವ ಊರು. ಇಲ್ಲಿ ಅನೇಕ ಮನೆಗಳಲ್ಲಿ ತಾಯಿ ಕಲಿಸುವುದು ತೆಲುಗನ್ನು, ಶಾಲೆ ಕಲಿಸುವುದು ಕನ್ನಡವನ್ನು. 'ನಿಮ್ಮದು ಯಾವ ಭಾಷೆ?' ಎಂದು ಹೊರಗಿನವರು ಕೇಳಿದರೆ ಮಕ್ಕಳು ತಡವರಿಸುತ್ತಾರೆ. ಹಾಗೆ ತಡವರಿಸಬೇಕಾಗಿಲ್ಲವೆಂದು ತಮ್ಮ ಕಲೆಯಿಂದಲೇ ತೋರಿಸಿಕೊಟ್ಟವರು ನಟಿ ಎಂ. ವಿ. ರಾಜಮ್ಮನವರು. ಅವರ ನುಡಿಗಳು ಕನ್ನಡ ಮತ್ತು ತಮಿಳು.

ರಾಜಮ್ಮನವರ ಕಲೆಗೆ ತಳಹದಿ ರಂಗಭೂಮಿ. ಅವರು ಚಂದ್ರಕಲಾ ನಾಟಕ ಮಂಡಳಿಯ ಕಲಾವಿದೆ. ಮಂಡಳಿಯ 'ಸಂಸಾರ ನೌಕೆ' ನಾಟಕವು ಎಚ್. ಎಲ್. ಎನ್. ಸಿಂಹರ ನಿರ್ದೇಶನದಲ್ಲಿ 1936ರಲ್ಲಿ ಚಲಚ್ಚಿತ್ರವಾದಾಗ ಅವರೇ ನಾಯಕಿ. ಕೋಲಾರ–ಕುಪ್ಪಂ ಗಡಿಸೀಮೆಯ ಬಿ. ಆರ್. ಪಂತುಲು ನಾಯಕ. ಕನ್ನಡ ವಾಕ್ಚಿತ್ರ ಹುಟ್ಟಿ ಆಗ ಎರಡೇ ವರ್ಷ. ಪುರಾಣದ ಪಾತ್ರಗಳು ಮಾತನಾಡುತ್ತಿದ್ದ ತೆರೆಯ ಮೇಲೆ ನೆರೆಮನೆಯ ಹೆಣ್ಣುಮಗಳೊಬ್ಬಳು ಮಾತನಾಡಿದಳು.

1940ರಲ್ಲಿ ಅವರು 'ಉತ್ತಮಪುತ್ರನ್' ಎಂಬ ತಮಿಳು ಚಿತ್ರದಲ್ಲಿ ಪಿ. ಯು. ಚಿನ್ನಪ್ಪನವರಿಗೆ ನಾಯಕಿಯಾದರು. ಒಬ್ಬರ ಮುಖಕ್ಕೆ ಇನ್ನೊಬ್ಬರ ಕಂಠವನ್ನು ಹೊಂದಿಸುವ ರೂಢಿ ಆಗಿನ್ನೂ ಬೇರೂರಿರಲಿಲ್ಲ. ತಮಿಳಿನಲ್ಲಿ ನಟಿಸುವವರ ನಾಲಗೆಯಲ್ಲಿ ತಮಿಳು ಇರಲೇಬೇಕಾಗಿತ್ತು. ದೂರದ ವೇಲ್ಸ್ ನಾಡಿನ ಹೆಸರಾಂತ ನಟಿ ಷಾನ್ ಫಿಲಿಪ್ಸ್ ಅವರದೂ ಇಂಥದೇ ಕಥೆ. ಬಾಲ್ಯದಲ್ಲಿ ವೆಲ್ಷ್ ನುಡಿಯನ್ನಷ್ಟೇ ಆಡುತ್ತಿದ್ದ ಆಕೆ ಇಂಗ್ಲಿಷನ್ನು ಕಲಿತದ್ದು ಬಾನುಲಿಯನ್ನು ಕೇಳುತ್ತ. ಕಿವಿ ತೆರೆದಿದ್ದರೆ ನಾಲಗೆ ಹಿಂಬಾಲಿಸುತ್ತದೆ.

ತಮಿಳು ಕೈಹಿಡಿದ ಮೇಲೆ ರಾಜಮ್ಮನವರು ಕನ್ನಡವನ್ನು ಮರೆಯಬಹುದಾಗಿತ್ತು, ಮರೆಯಲಿಲ್ಲ. 1943ರಲ್ಲಿ, ಮಹಾಯುದ್ಧದ ದೆಸೆಯಿಂದ ಕಚ್ಚಾ ಫಿಲಮಿಗೇ ಅಭಾವವಿದ್ದ ಕಾಲದಲ್ಲಿ, 'ರಾಧಾರಮಣ'ವನ್ನು ತಯಾರಿಸಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎನಿಸಿದರು. ಜಿ. ವಿ. ಅಯ್ಯರ್, ಬಾಲಕೃಷ್ಣ ಅವರಂಥ ರಂಗನಟರು ತೆರೆಗೆ ಬಂದದ್ದು ಈ ಚಿತ್ರದಿಂದ. ಸಾಹಸವೆಂದರೆ ಇದು. ಪಾತ್ರ ಸೋತರೆ ನಟಿಗೆ ಇನ್ನೊಂದು ಪಾತ್ರ ಸಿಕ್ಕೀತು. ಚಿತ್ರ ಸೋತರೆ ನಿರ್ಮಾಪಕಿಗೆ ಉಳಿಯುವುದು ಸಾಲ.

'ಸಂಸಾರ ನೌಕೆ'ಯ ತರುಣ ದಂಪತಿಗಳೇ 1958ರ 'ಸ್ಕೂಲ್ ಮಾಸ್ಟರ್' ಚಿತ್ರದಲ್ಲಿ ವೃದ್ಧ ದಂಪತಿಗಳಾದರು. ತಂದೆಯನ್ನು ಒಬ್ಬ ಮಗ, ತಾಯಿಯನ್ನು ಇನ್ನೊಬ್ಬ ಮಗ ಹಂಚಿಕೊಳ್ಳುವ ಕಥೆ ಅದು. 1964ರ ತಮಿಳು 'ಕರ್ಣನ್' ಚಿತ್ರದಲ್ಲಿ ರಾಜಮ್ಮನವರು ಕುಂತಿ. ಹಿರಿಯ ಮಗನನ್ನು ಮುಚ್ಚಿಟ್ಟು ಜೀವನವಿಡೀ ಬೆಂದ ತಾಯಿ.

ಅವರು ತೀರಿಕೊಂಡದ್ದು 1999ರಲ್ಲಿ. ನಾಟಕದ ಮಾತು ಆಡಿದ ರಾತ್ರಿಯೇ ಗಾಳಿಗೆ ಸೇರಿಹೋಗುತ್ತದೆ. ಚಿತ್ರಗಳಲ್ಲಿ ಉಳಿದಿರುವ ಅವರ ಕಂಠವನ್ನಾದರೂ ನಾವು ಆಲಿಸಬೇಕು. ತಮಿಳರು ಅವರನ್ನು ತಮ್ಮವರೆಂದರು, ನಾವು ನಮ್ಮವರೆಂದೆವು, ಎರಡೂ ನಿಜ. ಮನೆಯ ಮಾತನ್ನು ಶಾಲೆಯಲ್ಲಿ ಮುಚ್ಚಿಡುವ ನಮ್ಮ ಗಡಿಯ ಮಕ್ಕಳಿಗೆ ನಾನು ಹೇಳುವುದು ಇಷ್ಟೆ: ಕುಂತಿಯ ಸಂಕಟ ನಿಮಗೆ ಬೇಡ. ಎರಡು ನುಡಿಗಳನ್ನೂ ಎದೆಗವಚಿಕೊಳ್ಳಿ.