ಕಳಿಂಗ ಏರ್‌ಲೈನ್ಸ್: ಬಾಡಿಗೆ ವಿಮಾನಗಳ ಒಂದು ಚರಿತ್ರೆ



ವೇಳಾಪಟ್ಟಿಯನ್ನು ಅಚ್ಚು ಹಾಕಿಸಿ, ಅದರಂತೆ ಊರಿಂದೂರಿಗೆ ಹಾರುವ ಸಂಸ್ಥೆಗಳ ಚರಿತ್ರೆಯನ್ನು ಬರೆಯುವುದು ಅಷ್ಟೇನೂ ಕಷ್ಟವಲ್ಲ. ಕರೆದವರ ಕೆಲಸಕ್ಕೆ ಬಾಡಿಗೆಗೆ ಹೋಗುವ ವಿಮಾನದ ಚರಿತ್ರೆ ಹಾಗಲ್ಲ. ಅದನ್ನು ಕರೆದವರ ಕಥೆಯೊಳಗೆ ಹುಡುಕಬೇಕು. ಕಳಿಂಗ ಏರ್‌ಲೈನ್ಸಿನ ಹೆಸರು ಉಳಿದಿರುವುದು ಅಂಥ ಕಥೆಗಳಲ್ಲಿಯೇ.

ಎರಡನೆಯ ಮಹಾಯುದ್ಧವು ಮುಗಿದಾಗ ಸೈನ್ಯಕ್ಕೆ ಬೇಡವಾದ ಡಕೋಟಾ ವಿಮಾನಗಳು ನಮ್ಮ ದೇಶದಲ್ಲಿ ಅಗ್ಗವಾಗಿ ಮಾರಾಟಕ್ಕೆ ಬಂದುವು. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಅಂಥ ಅನೇಕ ವಿಮಾನಗಳು ಸೈನಿಕವೇಷವನ್ನು ಕಳಚಿ ನಾಗರಿಕವೇಷವನ್ನು ತೊಟ್ಟುವು. ಹಣವುಳ್ಳವರು ಒಬ್ಬರಾದ ಮೇಲೊಬ್ಬರು ವಿಮಾನ ಕಂಪೆನಿಗಳನ್ನು ತೆರೆದ ಕಾಲವದು. ಕಳಿಂಗದ ಒಡೆಯರಾದ ಕಟಕದ ಬಿಜು ಪಟ್ನಾಯಕರಾದರೋ ಸ್ವತಃ ವಿಮಾನ ಚಾಲಕರು. ಯುದ್ಧಕಾಲದಲ್ಲಿ ಬ್ರಿಟಿಷರ ವಿಮಾನಗಳನ್ನು ನಡೆಸುತ್ತಲೇ 1942ರ ಚಳವಳಿಗಾರರಿಗೆ ಗುಟ್ಟಾಗಿ ನೆರವಾಗಿ, ಸೆರೆಮನೆಯನ್ನೂ ಕಂಡಿದ್ದವರು.

1947ರ ಜುಲೈ 21ರಂದು ಡಚ್ಚರು ಇಂಡೋನೇಷ್ಯಾದ ಗಣರಾಜ್ಯದ ಮೇಲೆ ದಂಡೆತ್ತಿ ಬಂದರು. ಆ ದೇಶದ ಅಳಲನ್ನು ಜಗತ್ತಿಗೆ ತಿಳಿಸಬೇಕಾಗಿದ್ದವರು ಅದಕ್ಕೆ ಸ್ವಲ್ಪ ಮುಂಚೆ ಪ್ರಧಾನಮಂತ್ರಿಯ ಪದವಿಯನ್ನು ಬಿಟ್ಟಿದ್ದ ಸುತಾನ್ ಶಹ್ರೀರರು. ನೆಹರೂ ಅವರ ಕೋರಿಕೆಯಂತೆ ಪಟ್ನಾಯಕರು, ತಾವೂ ವಿಮಾನ ನಡೆಸಬಲ್ಲವರಾಗಿದ್ದ ಪತ್ನಿ ಜ್ಞಾನವತಿಯವರೊಡನೆ, ಡಕೋಟಾ ಒಂದನ್ನು ಜಾವಾಕ್ಕೆ ಕೊಂಡೊಯ್ದರು. ಶಹ್ರೀರರು ಸಿಂಗಪುರದ ಮಾರ್ಗವಾಗಿ ದೆಹಲಿಯನ್ನು ಸೇರಿದರು. ಆಗಸ್ಟ್ 14ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯಲ್ಲಿ ತಮ್ಮ ದೇಶದ ಪರವಾಗಿ ಮಾತನಾಡಿದರು.

ಮತ್ತೊಂದು ಪ್ರಯಾಣಕ್ಕೆ ಇಂಥ ಭಾಗ್ಯವಿರಲಿಲ್ಲ. ಜುಲೈ 29ರಂದು ವಿಟಿ-ಸಿಎಲ್‌ಎ ಎಂಬ ಗುರುತಿನ ಪಟ್ನಾಯಕರ ಡಕೋಟಾ, ಮಲಯದ ರೆಡ್‌ಕ್ರಾಸ್ ಸಂಸ್ಥೆಯಿತ್ತ ಔಷಧಗಳನ್ನು ಹೊತ್ತು ಸಿಂಗಪುರದಿಂದ ಯೋಗ್ಯಕರ್ತಕ್ಕೆ ಹೊರಟಿತು. ಅದೇ ಮುಂಜಾವಿನಲ್ಲಿ ಗಣರಾಜ್ಯದ ಚಿಕ್ಕ ವಿಮಾನಗಳು ಡಚ್ಚರ ನೆಲೆಗಳ ಮೇಲೆ ಬಾಂಬುಗಳನ್ನು ಹಾಕಿ ಹೋಗಿದ್ದುವು. ಸಂಜೆ ಡಕೋಟಾ ಇಳಿಯಲು ಅಣಿಯಾಗುತ್ತಿದ್ದಾಗ ಡಚ್ಚರ ಯುದ್ಧವಿಮಾನಗಳು ಅದನ್ನು ಹೊಡೆದು ಕೆಡವಿದುವು. ಒಂಬತ್ತು ಮಂದಿಯಲ್ಲಿ ಉಳಿದವನೊಬ್ಬನೇ. ಬಾಡಿಗೆಯ ಲೆಕ್ಕದಲ್ಲಿ ಇಂಥ ನಷ್ಟವನ್ನು ಯಾವ ಅಂಕಣದಲ್ಲಿ ಬರೆಯುವುದೋ ನಾವರಿಯೆವು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1953ರ ಆಗಸ್ಟ್ 1ರಂದು ಎಂಟು ಖಾಸಗಿ ಸಂಸ್ಥೆಗಳು ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾದಾಗ ಕಳಿಂಗವೂ ಅವುಗಳಲ್ಲೊಂದಾಗಿದ್ದಿತು. ಆದರೆ ಹೆಸರು ಅಷ್ಟಕ್ಕೇ ಅಳಿಯಲಿಲ್ಲ. ಇಂದು ಅರುಣಾಚಲ ಪ್ರದೇಶವೆನಿಸಿರುವ ಈಶಾನ್ಯ ಗಡಿನಾಡಿನಲ್ಲಿ, ದಾರಿಯೇ ಇಲ್ಲದ ಬೆಟ್ಟಗಳ ಠಾಣೆಗಳಿಗೆ ಕಳಿಂಗದ ಡಕೋಟಾಗಳು ಆಕಾಶದಿಂದ ಧಾನ್ಯವನ್ನು ಉದುರಿಸುತ್ತಿದ್ದುವು. ಆ ಸೀಮೆಯಲ್ಲಿ ಅಕ್ಕಿಯ ಚೀಲವನ್ನು ಅದಕ್ಕಿಂತ ದೊಡ್ಡ ಚೀಲದೊಳಗಿಟ್ಟು, ಪ್ಯಾರಾಚ್ಯೂಟಿಲ್ಲದೆಯೇ ಕೆಳಕ್ಕೆ ನೂಕುವುದು ವಾಡಿಕೆಯಾಗಿದ್ದಿತು. ಒಳಚೀಲ ಒಡೆದರೂ ಹೊರಚೀಲ ಅಕ್ಕಿಯನ್ನು ಹಿಡಿದುಕೊಳ್ಳುತ್ತಿದ್ದಿತು. ಬಡಬುದ್ಧಿಯ ಉಪಾಯವೆಂದು ನಕ್ಕೀರಿ; ಅದರಿಂದ ಹೊಟ್ಟೆ ತುಂಬಿಸಿಕೊಂಡವರು ನಗಲಾರರು.

ಜಾವಾದಲ್ಲಿ ಬಿದ್ದ ಆ ಡಕೋಟಾದಲ್ಲಿದ್ದ ಮೂವರು ಇಂಡೋನೇಷ್ಯಾದ ವಾಯುಸೇನಾನಿಗಳ ಹೆಸರನ್ನು ಅಲ್ಲಿಯ ಮೂರು ವಿಮಾನ ನಿಲ್ದಾಣಗಳು ಹೊತ್ತಿವೆ: ಯೋಗ್ಯಕರ್ತದ ಆದಿಸುಚಿಪ್ತೊ, ಮಲಾಂಗಿನ ಅಬ್ದುಲ್ ರಹಮಾನ್ ಸಾಲೆ, ಸೋಲೊ ನಗರದ ಆದಿಸುಮಾರ್ಮೊ. ಜುಲೈ 29 ಆ ದೇಶದ ವಾಯುಸೇನೆಗೆ ಸ್ಮರಣೆಯ ದಿನ. ಅವರೊಡನೆ ಮಡಿದವರಲ್ಲಿ ವಿಮಾನದ ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಭಾರತೀಯನೊಬ್ಬನಿದ್ದನು. ಅವನ ಹೆಸರನ್ನು ನಮ್ಮ ದೇಶದಲ್ಲಿ ಬಲ್ಲವರು ಬಹು ವಿರಳ.