ಗಣಿತ, ವಿಜ್ಞಾನ ಮತ್ತು ದುಡಿಯುವವರ ಮಕ್ಕಳು

(ಶಿರಸಿಯಲ್ಲಿ ಮಾಡಿದ ಭಾಷಣ)



ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹೈಸ್ಕೂಲುಗಳಲ್ಲಿ ಗಣಿತ, ವಿಜ್ಞಾನ ಕಲಿಸುವ ಮಾಸ್ತರರು ನಾವು. ಮಿಲ್ಲಿನಲ್ಲಿ ದುಡಿಯುವವರಿಗೆ, ಅಂಗಡಿ ನಡೆಸುವವರಿಗೆ ಶಾಲೆಯ ಪಾಠದ ಮಾತು ಯಾಕೆ ಎಂದು ನೀವು ಕೇಳಬಹುದು. ಹತ್ತನೇ ಇಯತ್ತೆಯಲ್ಲಿ ನಿಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಈ ಎರಡರಲ್ಲೇ. ಉಳ್ಳವರ ಮಗ ಎಡವಿದರೆ ಟ್ಯೂಶನ್ ಇದೆ. ನಿಮ್ಮ ಮಗಳು ಎಡವಿದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂಡುತ್ತಾಳೆ.

ಸಿದ್ದಾಪುರದ ಮಗ್ಗುಲಿಗೇ ಸಾಗರ ತಾಲೂಕು. ಅಲ್ಲಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಒಕ್ಕಲುಗಳು ಸತ್ಯಾಗ್ರಹ ಹೂಡಿದರು. ಲೋಹಿಯಾ ಅವರೂ ಬಂದು ಬಂಧಿತರಾದರು. ಆ ಹೋರಾಟ ಹುಟ್ಟಿದ್ದು ಒಂದು ಅಳತೆಯಿಂದ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಎಂಬುದು ಒಕ್ಕಲುಗಳ ದೂರು. ದೊಡ್ಡದಾದರೆ ಏನಾಗುತ್ತದೆ, ನೋಡಿ. ಹತ್ತು ಅಂಗುಲ ಅಗಲ, ಹತ್ತು ಅಂಗುಲ ಎತ್ತರದ ದುಂಡು ಪಾತ್ರೆಯ ಪಕ್ಕದಲ್ಲಿ ಹನ್ನೊಂದು ಅಂಗುಲದ ಇನ್ನೊಂದನ್ನು ಇಡಿ. (ಇದು ನಮ್ಮ ಉದಾಹರಣೆ, ಕಾಗೋಡಿನ ಕೊಳಗದ ಅಳತೆಯಲ್ಲ.) ಕಣ್ಣಿಗೆ ಅಂತರ ಒಂದೇ ಅಂಗುಲ. ಆದರೆ ಮೂರು ಹತ್ತುಗಳನ್ನು ಗುಣಿಸಿದರೆ 1000, ಮೂರು ಹನ್ನೊಂದುಗಳನ್ನು ಗುಣಿಸಿದರೆ 1331. ಮೂರು ಅಳತೆ ಕೊಟ್ಟೆನೆಂದುಕೊಂಡವನು ಹೆಚ್ಚುಕಡಿಮೆ ನಾಲ್ಕು ಕೊಟ್ಟಿರುತ್ತಾನೆ!

ಪುಸ್ತಕದಲ್ಲಿ ಈ ಪಾಠಕ್ಕೆ ‘ಸಿಲಿಂಡರಿನ ಘನಫಲ’ ಎಂದು ಹೆಸರು. ಮಕ್ಕಳು ಸೂತ್ರವನ್ನು ಗಿಳಿಪಾಠ ಒಪ್ಪಿಸುತ್ತಾರೆ. ಮನೆಯ ಅಟ್ಟದ ಮೇಲಿನ ಕೊಳಗ ತಂದು ಅಳೆಯಿರಿ ಎಂದರೆ ನಮ್ಮ ಮುಖ ನೋಡುತ್ತಾರೆ. ಒಮ್ಮೆ ಅಳೆದವರು ಮಾತ್ರ ಸೂತ್ರವನ್ನು ಸುಲಭಕ್ಕೆ ಮರೆಯುವುದಿಲ್ಲ.

ವಿಜ್ಞಾನದ ಕಥೆಯೂ ಹೀಗೇ. ಕೊಳೆರೋಗ ತಡೆಯಲು ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೋ ಎಂದು ನೋಡಲು ಹೊಳಪಿನ ಕತ್ತಿ ಅದ್ದುತ್ತಾರೆ. ಅದರ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಆ ಕೆಂಪೇ ತಾಮ್ರ. ಕಬ್ಬಿಣ ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರದಬ್ಬಿದೆ. ಪುಸ್ತಕದಲ್ಲಿ ಕತ್ತಿಯ ಬದಲು ಮೊಳೆ, ಹೆಸರು ‘ಸ್ಥಾನಪಲ್ಲಟ ಕ್ರಿಯೆ’. ಔಷಧಿ ಕಲಸುವ ಅಪ್ಪನ ಪಕ್ಕ ನಿಂತು ಇದನ್ನು ಕಂಡ ಹುಡುಗನೇ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಸೊನ್ನೆ ಪಡೆಯುತ್ತಾನೆ. ಕೂಲಿಯವರ ಮಕ್ಕಳಿಗೆ ಬುದ್ಧಿ ಕಡಿಮೆ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ.

ಆದರೆ ಕಲಿಸುವವರೇ ಇಲ್ಲದಿದ್ದರೆ ಹೊಸ ಬಗೆ ಎಲ್ಲಿಯದು? ಖಾಯಂ ಹುದ್ದೆ ತುಂಬದೆ ವರ್ಷವರ್ಷವೂ ಅತಿಥಿ ಶಿಕ್ಷಕರಿಂದ ನಡೆಸಿದರೆ, ಪಾಪ, ಅವರು ಮಕ್ಕಳ ಹೆಸರು ಕಲಿಯುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಬಂದ ಸಲಕರಣೆಗಳೂ ಒಡೆದರೆ ಉತ್ತರ ಹೇಳುವವರು ಯಾರು ಎಂಬ ಅಂಜಿಕೆಯಿಂದ ಕಪಾಟಿನಲ್ಲೇ ಉಳಿಯುತ್ತವೆ.

ವ್ಯಾಪಾರಿ ಮಿತ್ರರು ಹಳೆಯ ತಕ್ಕಡಿ, ತೂಕದ ಕಲ್ಲುಗಳನ್ನು ಶಾಲೆಗೆ ಕೊಡಬೇಕು. ದುಡಿಯುವ ಮಿತ್ರರಿಗೆ ಒಂದು ದಿನದ ಕೂಲಿ ಬಿಡುವುದು ಎಷ್ಟು ಕಷ್ಟವೆಂದು ಬಲ್ಲೆವು. ಆದರೂ ಶಾಲೆಯ ಸಮಿತಿಯಲ್ಲಿ ಪಾಲಕರಿಗೆ ಸ್ಥಾನವಿದೆ, ಸಭೆಗೆ ಬನ್ನಿ. ಗಣಿತದ ಹುದ್ದೆ ಎಷ್ಟು ದಿನದಿಂದ ಖಾಲಿ, ಕಪಾಟಿನ ಕೀಲಿ ಯಾರ ಹತ್ತಿರ, ಇವೆರಡನ್ನು ಕೇಳಿ. ಸಿಕ್ಕ ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅದರ ನಕಲನ್ನು ಶಿರಸಿಯ ಉಪನಿರ್ದೇಶಕರ ಕಚೇರಿಗೆ ಕೊಟ್ಟು ಪೋಚು ಪಡೆಯಿರಿ.