ಅಂಚಿನಿಂದ ಮಸುಕಾಗುವ ನೋಟ

ನೋವಿದ್ದರೆ ಮಾತ್ರ ಕಾಯಿಲೆ ಎಂದು ನಂಬಿದವರು ನಾವು. ಗ್ಲಾಕೋಮಾ ಬೆಳೆಯುವುದು ಆ ನಂಬಿಕೆಯ ಮರೆಯಲ್ಲೇ. ಈ ಕಾಯಿಲೆಯಿರುವ ಅನೇಕರಲ್ಲಿ ಕಣ್ಣೊಳಗೆ ಏರಿದ ಒತ್ತಡ ದೃಷ್ಟಿನರವನ್ನು ಸದ್ದಿಲ್ಲದೆ ಹಾಳುಮಾಡುತ್ತದೆ. ಮೊದಲು ಹೋಗುವುದು ಅಂಚಿನ ನೋಟ. ಎದುರಿನ ಪತ್ರಿಕೆಯ ಅಕ್ಷರ ಸ್ಪಷ್ಟವಾಗಿಯೇ ಇರುವುದರಿಂದ ಅನುಮಾನ ಹುಟ್ಟುವುದಿಲ್ಲ. ಬಾಗಿಲಿಗೆ ಭುಜ ತಾಗುವುದು, ಪಕ್ಕದಿಂದ ಬಂದ ಸ್ಕೂಟರ್ ಕಂಡು ಬೆಚ್ಚುವುದು, ಮೆಟ್ಟಿಲಿಳಿಯಲು ತಡವರಿಸುವುದು ಇವನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಿಬಿಡುತ್ತೇವೆ.

ಹೋದ ನೋಟ ಮರಳದು. ಉಳಿದದ್ದನ್ನು ಹನಿಮದ್ದು, ಲೇಸರ್, ಶಸ್ತ್ರಚಿಕಿತ್ಸೆ ಕಾಪಾಡಬಲ್ಲವು. ಆದ್ದರಿಂದ 40 ದಾಟಿದವರು, ಅದರಲ್ಲೂ ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆಯಿದ್ದವರು, ಕನ್ನಡಕದ ನಂಬರಿನ ಜೊತೆಗೆ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿಕೊಳ್ಳಬೇಕು. ಕೆಲವೊಮ್ಮೆ ಇದೇ ಕಾಯಿಲೆ ಥಟ್ಟನೆ ಎರಗುವುದೂ ಉಂಟು; ಕಣ್ಣು ಕೆಂಪಾಗಿ, ತೀವ್ರ ನೋವು, ವಾಂತಿಯೊಡನೆ ದೀಪದ ಸುತ್ತ ಬಣ್ಣದ ಬಳೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ನೋವಾಗುವವರೆಗೆ ಕಾಯುವುದು ತಾಳ್ಮೆಯಲ್ಲ, ಉದಾಸೀನ.